ಮುದುರಿ ಮಲಗಿದವಳ ಅಳತೆ

ಕಣಿವೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಕರೆ ಹೋಗುತ್ತಿದ್ದುದು ಗೊಂಟ್ರೋದಳಿಗೆ. ರೋಗಿಯ ನೆತ್ತಿಯಿಂದ ಅಂಗಾಲಿನವರೆಗೆ ದಾರ ಹಿಡಿದು ಅಳೆದು, ಆ ದಾರವನ್ನೇ ಬತ್ತಿ ಮಾಡಿ ಜೇನುಮೇಣ ಸುತ್ತುವಳು. ಆಳುದ್ದದ ಆ ಮೇಣದಬತ್ತಿಯನ್ನು ಸುರುಳಿ ಮಾಡಿ ಮಠಕ್ಕೆ ಹೊರುವಳು. ಮಠ ಕಟ್ಟಿಸಿದ ಬಿಷಪ್ ಸಂತ ರನುಲ್ಫೊನ ಸಮಾಧಿ ಇರುವುದೇ ಅಲ್ಲಿ. ಅದರ ಮುಂದೆ ಅಳತೆ ಪೂರ್ತಿ ಉರಿದರೆ ಆಳು ಪೂರ್ತಿ ಗುಣ; ಕಮ್ಮಿ ಬಿದ್ದರೆ ಉಳಿದದ್ದನ್ನು ಸಂತ ಎಂದಾದರೂ ಕೇಳಿಯೇ ತೀರುವನು. ನರಳುವವರನ್ನೂ ಅವಳು ಬಿಟ್ಟವಳಲ್ಲ. "ಚಾಚು ಕಾಲು! ಸಂತನ ಹತ್ರ ಜಿಪುಣತನ ಬೇಡ" ಎಂದು ಗದರಿ ಮಂಡಿ ಒತ್ತುತ್ತಿದ್ದಳು.

ಅಂಥವಳು ಸ್ವಂತ ಮಗಳ ವಿಷಯದಲ್ಲಿ ಎಂಥಾ ಕೆಲಸ ಮಾಡಿಬಿಟ್ಟಳು ನೋಡಿ! ಜ್ವರದಲ್ಲಿ ಮುದುರಿಕೊಂಡಿದ್ದ ಫ್ರೋನಿಲ್ದೆಯ ಕಾಲು ಮುಟ್ಟಿದರೆ ಸಾಕು, "ಬೇಡಮ್ಮಾ, ಸತ್ತೇಹೋಗ್ತೀನಿ" ಎಂದು ಅವಳು ಚೀರುತ್ತಿದ್ದಳು. ಹೆತ್ತ ಕರುಳು, ಕೈ ಬರಲಿಲ್ಲ. ಮುದುರಿದ ಹಾಗೇ ಅಳೆದಳು.

ಸಮಾಧಿಯ ಮುಂದೆ ಬತ್ತಿ ಹಚ್ಚಿದ ಮೇಲೆ ಸನ್ಯಾಸಿ ಅಲೊಯ್ತೊ ಹುಬ್ಬೇರಿಸಿದ. "ಏನಮ್ಮ, ಯಾವ ಮಗೂದು ಇದು? ನಿನ್ನ ಮಗಳು ನನಗಿಂತ ಉದ್ದ ಇದ್ದಾಳಲ್ಲ!"

ಗೊಂಟ್ರೋದ ಉರಿಯುವ ಬತ್ತಿಯತ್ತ ಕೈ ಚಾಚಿದಳು. "ಆರಿಸಿ ಸ್ವಾಮಿ, ಬೇರೆ ತರ್ತೀನಿ!"

"ಹುಚ್ಚೇನಮ್ಮ ನಿಂಗೆ? ಇಲ್ಲಿ ಹಚ್ಚಿದ್ದನ್ನ ಆರಿಸಿದ್ರೆ ಆ ಜೀವಾನೂ ಆರಿದ ಹಾಗೇ. ಒಂದು ಕಾಯಿಲೆಗೆ ಒಂದೇ ಅಳತೆ ಅಂತ ಊರಿಗೆಲ್ಲ ಹೇಳೋಳು ನೀನೇ."

ಅವಳು ಸಂತನ ಸಮಾಧಿಯ ಕಲ್ಲಿಗೆ ಹಣೆ ಚಚ್ಚಿಕೊಂಡಳು. "ಕಮ್ಮಿ ಬಿದ್ದದ್ದನ್ನ ನನ್ನ ಮೈಯಿಂದ ತಗೋ ತಂದೆ. ಅವಳ ತಂಟೆಗೆ ಹೋಗ್ಬೇಡ."

ಫ್ರೋನಿಲ್ದೆ ಬದುಕಿದಳು. ಎದ್ದು ಕೂತು ಟರ್ನಿಪ್ ಸೊಪ್ಪಿನ ಸಾರು ಕೇಳಿ ಕುಡಿದಳು. ತಾಯಿಗೆ ಮಾತ್ರ ಅಂದಿನಿಂದ ನೆಮ್ಮದಿ ಎಂಬುದೇ ಹಾರಿಹೋಯಿತು. ಸಂತ ತನ್ನ ಮಾತಿಗೆ ಒಪ್ಪಿದನೋ, ಇಲ್ಲ, ಉಳಿದದ್ದಕ್ಕೆ ಮಗಳನ್ನೇ ಹುಡುಕಿಕೊಂಡು ಬರುವನೋ? ಬಾಯಿಬಿಟ್ಟು ಯಾರಿಗೂ ಹೇಳಲಾರಳು. ಮಗಳು ಮದುವೆಯಾಗಿ ಎರಡು ಹೆತ್ತ ಮೇಲೂ, ಸೀನಿದರೆ ಸಾಕು, ಓಡಿಬಂದು ಹಣೆ ಮುಟ್ಟುವಳು. "ಅಯ್ಯೋ, ಧೂಳಿಗೆ ಸೀನಿದ್ದು, ಸುಮ್ನಿರಮ್ಮಾ!" ಎಂದು ಅವಳು ರೇಗುತ್ತಿದ್ದಳು. ತಾಯಿ ಸುಮ್ಮನಿರಲಿಲ್ಲ. ತಲೆ ಪೂರ್ತಿ ನರೆತರೂ ಆ ಹೆದರಿಕೆ ಹೋಗಲಿಲ್ಲ.

ಒಂದು ವರ್ಷ ಚೆಸ್ಟ್‌ನಟ್ ಕಾಯಿ ಆಯುವ ಕಾಲಕ್ಕೆ ಗೊಂಟ್ರೋದಳೇ ಚಳಿಜ್ವರ ಬಂದು ಹಾಸಿಗೆ ಹಿಡಿದಳು.

"ಮೈ ಕೆಂಡ ಆಗಿದೆಯಲ್ಲಮ್ಮಾ!" ಮಗಳು ಗಾಬರಿಯಾದಳು.

"ನಿನ್ನ ಹಣೆ ತಾ ಇಲ್ಲಿ."

ಮುಟ್ಟಿ ನೋಡಿದಳು. ತಣ್ಣಗಿತ್ತು.

"ಸದ್ಯ, ಸಂತ ನನ್ನನ್ನೇ ಕೇಳ್ತಿದ್ದಾನೆ" ಎಂದಳು. ಮಗಳು ಗೊಳೋ ಎಂದು ಅಳುತ್ತಿದ್ದರೂ ತಾಯಿಗೆ ನಗು ತಡೆಯಲಾಗಲಿಲ್ಲ.