ಇಳಿಜಾರಿಗೆ ಅಡ್ಡ ನಿಂತವರು

ರಜೆಗೆ ನಮ್ಮೂರು ಹುನ್ನೂರಿಗೆ ಬಂದವನಿಗೆ ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ತೊಯ್ದ ಕಂಬಳಿಯ ವಾಸನೆ ಬಡಿಯಿತು. ಕಾಶ್ಮೀರದ ಸೇನಾ ಪೋಸ್ಟಿನಲ್ಲಿ ಒಲೆಯ ಸುತ್ತ ನಾವು ಒಣಹಾಕುತ್ತಿದ್ದ ಉಣ್ಣೆಯ ಕಾಲುಚೀಲಗಳದ್ದೂ ಇದೇ ವಾಸನೆ... ಹಿಂದೆಯೇ ನಮ್ಮ ಹವಾಲ್ದಾರರು ನೆನಪಾದರು.

ಅವರು ನಮ್ಮ ಕಡೆಯ ಚಿಮ್ಮಡದವರು. ನಾನು ಆಗಿನ್ನೂ ಹೊಸಬ. ಹಿಮ ಎಂದರೆ ಬೆಳ್ಳಗೆ ಬೀಳುವುದು ಎಂದಷ್ಟೇ ಗೊತ್ತಿತ್ತು. ಅವರು ಮಾತ್ರ ಗಸ್ತಿಗೆ ಹೊರಡುವ ಮುನ್ನ ಎದೆಮಟ್ಟದ ಗುಂಡಿ ತೋಡಿ, ಹಿಮದ ಒಂದೊಂದು ಪದರವನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬಾವಿ ತೋಡುತ್ತಾರೆಂದು ಉಳಿದವರು ನಗುತ್ತಿದ್ದರು.

ಒಮ್ಮೆ ಮೂರು ದಿನ ಬಿಡದೆ ಹಿಮ ಸುರಿದು, ನಾಲ್ಕನೇ ಬೆಳಿಗ್ಗೆ ಬಿಸಿಲು ಬಿತ್ತು. ಇಳಿಜಾರು ದಾಟಿ ಆಚೆಯ ಪೋಸ್ಟಿಗೆ ರೇಡಿಯೋ ಬ್ಯಾಟರಿ ಒಯ್ಯಲು ಹೊಸ ಸಾಹೇಬರು ಎಂಟು ಮಂದಿಗೆ ಹೇಳಿದರು. ಅವರಲ್ಲಿ ನಾನೂ ಒಬ್ಬ. ಹವಾಲ್ದಾರರು ನನ್ನನ್ನು ಗುಂಡಿಗಿಳಿಸಿ, ತಳದ ಹಿಮ ಹಿಡಿದು ನೋಡೆಂದರು. ಮುಷ್ಟಿ ಬಿಗಿದರೂ ಉಂಡೆಯಾಗದೆ ಹರಳು ಹರಳಾಗಿ ಉದುರಿತು.

"ಕೆಳಗ ಸಕ್ಕರಿ ಐತಿ ತಮ್ಮಾ. ಅದರ ಮ್ಯಾಲ ಮೂರು ದಿನದ ಭಾರ ಕುಂತೈತಿ. ಕಾಲಿಟ್ರ ಎಲ್ಲಾ ಒಮ್ಮೆಲೇ ಜಾರತೈತಿ."

ಇದನ್ನೇ ಹವಾಲ್ದಾರರು ಸಾಹೇಬರಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದರು. ಹೆದರಿದ್ದೀಯಾ ಎಂದು ಸಾಹೇಬರು ಎಲ್ಲರೆದುರು ಕೇಳಿದರು. ಹೌದು, ಹೆದರಿದ್ದೇನೆ ಎಂದು ಒಪ್ಪಿಕೊಂಡ ಹವಾಲ್ದಾರರು ದಾರಿಗೆ ಅಡ್ಡ ಹೋಗಿ ನಿಂತರು. ಶಿಕ್ಷೆ ಏನಿದ್ದರೂ ನನಗಿರಲಿ, ಹುಡುಗರು ದಾಟುವುದಿಲ್ಲ ಎಂದರು.

ಆ ದಿನ ಏನೂ ಜಾರಲಿಲ್ಲ. ಮರುದಿನವೂ ಇಲ್ಲ. ಊಟಕ್ಕೆ ಅವರ ಪಕ್ಕ ಯಾರೂ ಕೂರಲಿಲ್ಲ... ನನಗೂ ಅನುಮಾನ ಹೊಕ್ಕಿತ್ತು. ಹಿಮ ಜಾರಿ ಬೀಳದೇ ಹೋದರೆ ಎಂದು ಅವರನ್ನು ಕೇಳಿಬಿಟ್ಟೆ.

"ಬೀಳಲಿಲ್ಲಂದ್ರ ಛಲೋನ ಆತು. ನಾಳೆ ಮತ್ತ ಹೇಳಿದ್ರೂ ಅಡ್ಡ ನಿಂದ್ರತೇನಿ."

ಮೂರನೇ ಮಧ್ಯಾಹ್ನ ಇಡೀ ಇಳಿಜಾರು ಗುಡುಗಿನಂತೆ ಸದ್ದು ಮಾಡಿ ಕಣಿವೆಗೆ ಕಳಚಿ ಬಿತ್ತು. ನಾವು ನಡೆಯಬೇಕಿದ್ದ ದಾರಿಯ ಗುರುತೂ ಉಳಿಯಲಿಲ್ಲ. ಹವಾಲ್ದಾರರು ಸಲಿಕೆ ಎತ್ತಿಕೊಂಡು ಹೊಸ ಗುಂಡಿ ತೋಡಲು ಹೋದರು. ಆದರೂ ಆಜ್ಞೆ ಮೀರಿದ್ದು ಅವರ ದಾಖಲೆಯಲ್ಲಿ ಉಳಿಯಿತು. ಬಡ್ತಿ ಸಿಗದೆಯೇ ನಿವೃತ್ತರಾದರು.

ಹೋದ ಚಳಿಗಾಲ ಅವರು ಎದೆನೋವಿನಿಂದ ತೀರಿಕೊಂಡಾಗ ನಾನು ಬೆಟ್ಟದ ಮೇಲಿದ್ದೆ. ದಾರಿ ಮುಚ್ಚಿತ್ತು, ಮಣ್ಣಿಗೆ ಬರಲಾಗಲಿಲ್ಲ. ಇಂದು ಚಿಮ್ಮಡಕ್ಕೆ ಹೋಗಿ ಅವರ ಹೆಂಡತಿಯ ಮುಂದೆ ಕುಳಿತೆ. ಅವರು ತಲೆ ತಗ್ಗಿಸಿಯೇ ಮಾತಾಡಿದರು.

"ಇವರಿಗೆ ಶಿಕ್ಷಾ ಆಗಿತ್ತು ಅಂತ ಊರಾಗ ಆಡ್ಕೋತಾರ್ರಿ."

"ಖರೆ ವೈನಿ, ಆಗಿತ್ತು. ಅವರು ಅಡ್ಡ ನಿಂತಿದ್ದಕ್ಕ ನಾನು ಇವತ್ತ ಜೀವಂತ ನಿಮ್ಮ ಮುಂದ ಕುಂತೇನಿ."

ಬಸ್ಸಿಗೆ ಕಾಯುವಾಗ ಕಟ್ಟೆಯ ಮೇಲಿದ್ದವರಿಗೂ ಇದನ್ನೇ ಗಟ್ಟಿಯಾಗಿ ಹೇಳಿದೆ, ಯಾರೂ ವಿಚಾರಿಸದಿದ್ದರೂ. ಹವಾಲ್ದಾರರು ಇದ್ದಾಗಲೇ ಬಂದು ಹೇಳಬೇಕಿತ್ತು...