ನಾಲ್ಕನೇ ಗೇರಿಗೆ ಜಾಗವಿಲ್ಲ

ನಮ್ಮಕ್ಕ ಬಚ್ಚಲುಮನೆಯೊಳಗೂ ಕಾರಿಗೆ ನಾಲ್ಕನೇ ಗೇರು ಹಾಕಬಲ್ಲಳು ಎಂದು ನಾನು ಮೂವತ್ತು ವರ್ಷಗಳಿಂದ ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತ ಬಂದಿದ್ದೇನೆ. ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಅಲ್ಲಗಳೆಯುವ ಧೈರ್ಯವಾದರೂ ಯಾರಿಗಿದೆ? ಊರಿನಲ್ಲಿ ಸ್ಟೇರಿಂಗು ಹಿಡಿದ ಪ್ರತಿ ಇಬ್ಬರಲ್ಲಿ ಒಬ್ಬರು ಅವಳ ಕೈಯಲ್ಲಿ ಬೈಸಿಕೊಂಡವರು, ಇನ್ನೊಬ್ಬರು ಅವಳ ಗಂಡನ ಕೈಯಲ್ಲಿ. ಇಬ್ಬರೂ ಸೇರಿ ಕಲಿಸಲಾಗದೆ ಕೈಚೆಲ್ಲಿದ ಮನುಷ್ಯ ಒಬ್ಬನೇ, ಅದು ನಾನು. ಮೂರು ಸಲ ಫೇಲಾದ ಮೇಲೆ ಅಕ್ಕ ನನಗೆ ಹಿಂದಿನ ಸೀಟನ್ನು ಶಾಶ್ವತವಾಗಿ ಬಿಟ್ಟುಕೊಟ್ಟಳು. ಇದನ್ನೆಲ್ಲ ನಾನು ನೋಡಿದ್ದು ಆ ಸೀಟಿನಿಂದಲೇ.

ಅವರ ಡ್ರೈವಿಂಗ್ ಸ್ಕೂಲೆಂದರೆ ಮನೆಯ ಅಂಗಳ, ಒಂದು ತಗಡಿನ ಬೋರ್ಡು, ಒಂದು ಹಳೆಯ ಕಾರು. ಕಾರಿನ ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇತ್ತು; ಕಲಿಯುವವರು ಕಂಗಾಲಾದಾಗ ಕಲಿಸುವವರು ಒತ್ತಬೇಕಲ್ಲ. ಭಾವನ ಪದ್ಧತಿ ಬೇರೆಲ್ಲೂ ಇರಲಿಲ್ಲ. ಮೊದಲ ಮೂರು ದಿನ ಕಾರು ಅಂಗಳ ಬಿಟ್ಟು ಕದಲುವಂತಿಲ್ಲ. ಹಿಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ, ಕೆಳಗೆ ಎರಡು ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರಗಳಿಗೆ ಕಲ್ಲು ಇಡುತ್ತಿದ್ದರು. ಕಲಿಯುವವರು ಅದರಲ್ಲಿ ಕುಳಿತು ಒಂದರಿಂದ ನಾಲ್ಕರವರೆಗೆ ಗೇರು ಹಾಕಬೇಕು, ಇಳಿಸಬೇಕು. ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗುತ್ತಿದ್ದವು, ಕಾರು ಮಾತ್ರ ಬೆಳೆದುನಿಂತ ಮರದ ಹಾಗೆ ಇದ್ದಲ್ಲೇ. “ಕೈಕಾಲು ಮೊದ್ಲು ಪರಸ್ಪರ ಪರಿಚಯ ಮಾಡ್ಕೊಳ್ಳಲಿ, ರಸ್ತೆ ಆಮೇಲೆ” ಎನ್ನುತ್ತಿದ್ದರು ಭಾವ.

ನಾಲ್ಕನೆಯ ದಿನ ಕೆರೆಯ ಪಕ್ಕದ ರಸ್ತೆ. ಎರಡು ಮೈಲಿ ಉದ್ದ, ಎರಡೇ ತಿರುವು, ಎದುರಿಗೆ ಬಂದರೆ ಒಂದು ಸೈಕಲ್ಲು. ಅಲ್ಲಿ ನಾಲ್ಕನೇ ಗೇರು ಬಿದ್ದು ಎಂಜಿನ್ನು ಭಾರ ಇಳಿಸಿದ ಹಾಗೆ ಹಗುರವಾಗಿ ಗುನುಗತೊಡಗಿದ ಕೂಡಲೇ ಭಾವ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: “ಈಗ ಕೈ ಸಡಿಲ ಬಿಡಿ. ದಾರಿ ಗಾಡಿಗೇ ಗೊತ್ತು.” ದಿಮ್ಮಿಯ ಮೇಲೆ ನೂರು ಸಲ ನಾಲ್ಕನೇ ಗೇರು ಬಿದ್ದರೂ ಆ ಮಾತು ಬರುತ್ತಿರಲಿಲ್ಲ. ಅದು ರಸ್ತೆಗೇ ಮೀಸಲು.

ಅಕ್ಕನೂ ಅವರ ಹತ್ತಿರವೇ ಕಲಿತವಳು. ರಸ್ತೆಗಿಳಿದ ಮೇಲೆ ಹತ್ತು ದಿನ ಅವಳಿಗೂ “ಕೈ ಸಡಿಲ ಬಿಡಿ” ಎಂದ ಮನುಷ್ಯ ಹನ್ನೊಂದನೆಯ ದಿನ “ಕೈ ಸಡಿಲ ಬಿಡು” ಎಂದುಬಿಟ್ಟರಂತೆ. ಅಕ್ಕ ಮನೆಗೆ ಬಂದು ಅಪ್ಪನಿಗೆ ಹೇಳಿದಳು, ಲೈಸೆನ್ಸು ಬರುವ ಮೊದಲೇ ಮದುವೆಯಾಯಿತು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಭಾವ ಹಲ್ಲುಜ್ಜುತ್ತ ನಿಂತವರು ಕುಸಿದು ಬಿದ್ದರು. ಜೀವ ಉಳಿಯಿತು, ಒಂದು ಕೈ ಜೋತುಬಿತ್ತು, ಮಾತು ಪೂರ್ತಿ ಹೋಯಿತು. ನಾಲ್ಕು ತಿಂಗಳು ಮನೆಯಲ್ಲಿ ಒಂದಕ್ಷರವಿಲ್ಲ. ಅಕ್ಕ ಹೆಸರು ಹಿಡಿದು ಕರೆದಳು, ಬೈದಳು, ಹಾಡಿದಳು. ಅವಳ ಹಾಡಿಗೆ ಸತ್ತವನೂ ಎದ್ದು ಕೂತು “ಸಾಕು ತಾಯಿ” ಎಂದಾನು. ಭಾವ ಮಾತ್ರ ಕಣ್ಣು ಮಿಟುಕಿಸಲಿಲ್ಲ.

ಆಮೇಲೊಂದು ಭಾನುವಾರ ಗಾಳಿ ತಾಗಲೆಂದು ಅವರನ್ನು ಕಾರಿನಲ್ಲಿ, ಅವರದೇ ಆ ಪಕ್ಕದ ಸೀಟಿನಲ್ಲಿ, ಕೂರಿಸಿಕೊಂಡು ಹೊರಟೆವು. ಗೇಟು ದಾಟುವಾಗ ಯಾರೋ “ಒಂದು” ಎಂದರು. ಅಕ್ಕ ನನ್ನ ಕಡೆ ತಿರುಗಿದಳು. ನಾನಲ್ಲ ಎಂದು ಕೈಯಾಡಿಸಿದೆ. ಬೀದಿಯ ಕೊನೆಯಲ್ಲಿ “ಎರಡು.” ಆಸ್ಪತ್ರೆ ದಾಟುತ್ತಲೇ “ಮೂರು.” ಕೆರೆಯ ರಸ್ತೆಯಲ್ಲಿ “ನಾಲ್ಕು.” ಆಮೇಲೆ ತೊದಲದೆ, ತಡವರಿಸದೆ: “ಈಗ ಕೈ ಸಡಿಲ ಬಿಡು. ದಾರಿ ಗಾಡಿಗೇ ಗೊತ್ತು.”

ಅಕ್ಕ ಕೈ ಸಡಿಲ ಬಿಟ್ಟಳು. ಅಳುತ್ತಿದ್ದಳಲ್ಲ, ಹಿಡಿಯಲು ಕೈಯಲ್ಲಿ ಬಲವೇ ಇರಲಿಲ್ಲ.

ಮಾತು ಕಲಿಸುವ ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಆಕೆ ಆಶ್ಚರ್ಯಪಡಲಿಲ್ಲ. “ಕೈಕಾಲಿನ ಜೊತೆ ಕೂಡಿಸಿ ಜೀವಮಾನವೆಲ್ಲ ಆಡಿದ ಮಾತು ಎಲ್ಲೋ ಒಳಗೆ ಉಳಿದಿರುತ್ತೆ. ಆದ್ರೆ ಅದನ್ನ ಬಳಸ್ತಾ ಇರಿ. ಬಿಟ್ರೆ ಅದೂ ಹೋಗತ್ತೆ” ಎಂದರು. ಅಲ್ಲಿಂದ ಅಕ್ಕನಿಗೆ ವಾರವೆಂದರೆ ಭಾನುವಾರ, ಭಾನುವಾರವೆಂದರೆ ಆ ಎರಡು ಮೈಲಿ. ಎರಡು ವರ್ಷ ತಪ್ಪದೆ ಆ ಮಾತು ಕೇಳಿದಳು.

ಆಮೇಲೆ ರಸ್ತೆಗೆ ಕಾಯಿಲೆ ಬಂತು.

ಮೊದಲು ಆಸ್ಪತ್ರೆಯ ಹತ್ತಿರ ಸಿಗ್ನಲ್ ಬಂತು. ಒಮ್ಮೆ ಅಲ್ಲಿ ಕೆಂಪು ಬಿದ್ದಾಗ ನಾನು ಇಳಿದು ಹೋಗಿ ಕ್ಷೌರ ಮಾಡಿಸಿಕೊಂಡು ಬಂದೆ. ಕಾರು ಅಲ್ಲೇ ಇತ್ತು, ನನ್ನ ಗಡ್ಡ ಆಗಲೇ ಮತ್ತೆ ಬೆಳೆಯತೊಡಗಿತ್ತು. ಕೆರೆಯ ದಂಡೆಯಲ್ಲಿ ಮನೆಗಳೆದ್ದವು, ಮನೆಗೆರಡು ಕಾರು ಬಂದವು, ಕಾರುಗಳು ಓಡದಿರಲೆಂದು ರಸ್ತೆಗೆ ಉಬ್ಬುಗಳು ಬಂದವು. ಎರಡು ಮೈಲಿಯಲ್ಲಿ ಇಪ್ಪತ್ತೇಳು ಉಬ್ಬು. ಆ ದಾರಿಯಲ್ಲಿ ಹಾಲಿಟ್ಟುಕೊಂಡು ಹೋದರೆ ಮನೆ ಮುಟ್ಟುವಾಗ ಬೆಣ್ಣೆ. ಉಬ್ಬು ಮುಗಿದಲ್ಲಿ ಕ್ಯಾಮೆರಾ, ಕ್ಯಾಮೆರಾ ಮುಗಿದಲ್ಲಿ ಅಗೆದ ಗುಂಡಿ, ಗುಂಡಿಯ ಸುತ್ತ ಹಾರ್ನು. ಹಾರ್ನು ಹೊಡೆಯುವವರನ್ನು ಅಕ್ಕ ಕಿಟಕಿಯಿಂದ ಇಣುಕಿ ನೋಡಿದರೆ ಮುಕ್ಕಾಲು ಮುಖ ಗುರುತಿನವು. ಅಂಗಳದ ದಿಮ್ಮಿಯ ಮೇಲೆ ಅವಳೇ ಕೂರಿಸಿದ್ದವರು.

“ನಾನೇ ಕಣೋ ಇವರನ್ನೆಲ್ಲ ರಸ್ತೆಗೆ ಬಿಟ್ಟಿದ್ದು” ಎಂದಳು ಒಂದು ದಿನ. “ಒಬ್ಬೊಬ್ಬರನ್ನೇ ಹಿಡಿದು ನನ್ನ ರಸ್ತೆ ನಾನೇ ತುಂಬಿಸಿದೆ.”

ಭಾವನ ಪಾಠವೂ ಮೊಟಕಾಯಿತು. “ಒಂದು. ಎರಡು. ಒಂದು. ನಿಲ್ಲಿಸು. ಒಂದು. ನಿಲ್ಲಿಸು.” ಮೊದಲು ಆ ವಾಕ್ಯ ಹೋಯಿತು. ಕಳೆದ ವರ್ಷ ಕೆರೆಯ ರಸ್ತೆಗೆ ಮೊದಲ ಉಬ್ಬು ಬಿದ್ದ ವಾರ ಹೇಳಿದ್ದೇ ಕೊನೆ. ಆರು ತಿಂಗಳಲ್ಲಿ “ನಾಲ್ಕು” ಹೋಯಿತು. ಅಕ್ಕ ಊಟಕ್ಕೆ ಕೂತಾಗ ನಾಲ್ಕು ಬೆರಳು ತೋರಿಸಿ “ರೀ, ಇದೆಷ್ಟು?” ಎಂದು ಕೇಳುವಳು. ಭಾವ ಲೋಟದಲ್ಲಿದ್ದ ಚಮಚವನ್ನು ಹಿಡಿದು ಮೂರರಿಂದ ನಾಲ್ಕಕ್ಕೆ ಎಳೆಯುವರು. ಕೈಗೆ ಗೊತ್ತಿತ್ತು, ಬಾಯಿಗೆ ಮರೆತಿತ್ತು. ಈಚೆಗೆ “ಮೂರು” ಕೂಡ ತುಟಿಯ ಮೇಲೆ ಬಂದು ವಾಪಸು ಹೋಗತೊಡಗಿತು. ಅಕ್ಕ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತು ಲೆಕ್ಕ ಹಾಕಿದಳು: “ಇನ್ನು ಎರಡು ಉಳಿದಿದೆ. ಆಮೇಲೆ ಒಂದು. ಆಮೇಲೆ?”

“ನಸುಕಿಗೇ ಹೋಗೋಣ, ರಸ್ತೆ ಖಾಲಿ ಇರುತ್ತೆ” ಎಂದೆ ನಾನು.

ಸೂರ್ಯ ಹುಟ್ಟುವ ಮೊದಲೇ ಹೋಗಿ ನೋಡಿದೆವು. ಊರಿಗೆ ಊರೇ ಅದೇ ಉಪಾಯ ಮಾಡಿತ್ತು. ರಸ್ತೆಯ ತುಂಬ ಆರೋಗ್ಯಕ್ಕಾಗಿ ಓಡುವವರು, ನಾಯಿ ಓಡಿಸುವವರು, ನಾಯಿಯೇ ಓಡಿಸುತ್ತಿದ್ದವರು. ಎರಡನೇ ಗೇರಿನಲ್ಲಿ ಹೋಗಿ ಎರಡನೇ ಗೇರಿನಲ್ಲಿ ಬಂದೆವು. ಕೊನೆಗೆ ಅಕ್ಕ ಹೊಸ ಹೆದ್ದಾರಿಗೆ ಹೋಗುವುದೆಂದು ತೀರ್ಮಾನಿಸಿದಳು. ಅವಳಿಗೆ ಅದು ಹಿಡಿಸುತ್ತಿರಲಿಲ್ಲ. “ಅದು ರಸ್ತೆಯಲ್ಲ, ಗಾಡಿ ಸುರಿಯೋ ಕೊಳವೆ” ಎನ್ನುವಳು. ಆದರೆ ಅಲ್ಲಿ ಸಿಗ್ನಲ್ ಇಲ್ಲ, ಉಬ್ಬಿಲ್ಲ.

ಹೆದ್ದಾರಿಯ ಬಾಗಿಲಲ್ಲಿ ಟೋಲ್ ಗೂಡಿನೊಳಗೆ ಕೂತ ಹುಡುಗಿ ಕೇಳಿದಳು, “ಎಲ್ಲಿಗೆ ಮೇಡಂ?”

“ಎಲ್ಲಿಗೂ ಇಲ್ಲ.”

“ಹಂಗಂದ್ರೆ? ಯಾವ ಕಡೆ ಇಳೀತೀರ?”

“ನಮ್ಮ ಯಜಮಾನರು ಮಾತಾಡಿದ ಕಡೆ.”

ಹುಡುಗಿ ನಮ್ಮನ್ನು ಒಂದು ಸಲ ನೋಡಿ ಬೇಗ ಬೇಗ ತಡೆಗಂಬ ಎತ್ತಿದಳು.

ಗೇರುಗಳು ಒಂದರ ಹಿಂದೊಂದು ಬಿದ್ದವು. ಭಾವ “ಒಂದು” ಎಂದರು, “ಎರಡು” ಎಂದರು. ಮೂರಕ್ಕೆ ಬಾಯಿ ತೆರೆದರು. ಅಕ್ಕ ನಾಲ್ಕಕ್ಕೆ ಎಳೆದಳು. ಮುಳ್ಳು ಅರವತ್ತಕ್ಕೆ ಬಂತು, ಎಂಜಿನ್ನು ಹಗುರವಾಯಿತು. ನಾನು ಮುಂದಕ್ಕೆ ಬಾಗಿದೆ. ಅರವತ್ತೆಂದರೆ ನಮಗೆ ಹಬ್ಬ, ಆ ರಸ್ತೆಗೆ ಅದು ಆಮೆನಡಿಗೆ. ಎರಡೂ ಕಡೆ ಗಾಡಿಗಳು ಬಾಣದ ಹಾಗೆ ಸುಯ್ಯೆಂದು ದಾಟುತ್ತಿದ್ದವು. ಹಿಂದೊಂದು ಲಾರಿ ನಮ್ಮ ಡಿಕ್ಕಿಯೊಳಗೇ ದೀಪ ಹಚ್ಚುವಷ್ಟು ಹತ್ತಿರ ಬಂದು, ಹಾರ್ನು ಬಾರಿಸಿ, ಪಕ್ಕಕ್ಕೆ ಹೊರಳಿ ಮುಂದೆ ಹೋಯಿತು. ಭಾವನ ಮುಖ ಬಿಳಿಚಿತು. ಮೂವತ್ತು ವರ್ಷ ಆ ಸೀಟಿನಲ್ಲಿ ಕೂತ ಮನುಷ್ಯನಿಗೆ ಅಪಾಯ ಕಂಡರೆ ಒಂದೇ ದಾರಿ ಗೊತ್ತು. ಮಾತು ಬರಲಿಲ್ಲ. ಕಾಲು ಬಂತು.

ತಮ್ಮ ಕಡೆಯ ಬ್ರೇಕನ್ನು ಪೂರ್ತಿ ಒತ್ತಿಬಿಟ್ಟರು.

ಕಾರು ಕಿರುಚಿ ನಡುರಸ್ತೆಯಲ್ಲಿ ನಿಂತು ಆರಿಹೋಯಿತು. ಹಿಂದೆ ಸಾಲು ಸಾಲಾಗಿ ಟೈರುಗಳ ಕೂಗು. ನಮ್ಮ ಬಂಪರಿಗೂ ಹಿಂದಿನ ಕಾರಿಗೂ ನಡುವೆ ಒಂದು ಗೇಣು. ಯಾರೂ ಸಾಯಲಿಲ್ಲ ಎಂಬುದನ್ನು ಬಿಟ್ಟರೆ ಅಲ್ಲಿ ಸಮಾಧಾನಪಡುವಂಥದ್ದು ಏನೂ ಇರಲಿಲ್ಲ. ಹಾರ್ನುಗಳು ಶುರುವಾದವು. ಅಷ್ಟು ಹಾರ್ನು ಒಟ್ಟಿಗೆ ಕೇಳಿದರೆ ಕಿವುಡರೂ ಕಿವಿ ಮುಚ್ಚಿಕೊಳ್ಳಬೇಕು. ಹಿಂದಿನ ಕಾರಿನಿಂದ ಒಬ್ಬ ಕೈ ಬೀಸುತ್ತ ಬಂದವನು ಕಿಟಕಿಯ ಹತ್ತಿರ ನಿಂತು ತಣ್ಣಗಾದ.

“ಟೀಚರ್! ನೀವಾ?”

ಹಲ್ಲು ಡಾಕ್ಟರು. ಕಾಲೇಜಿಗೆ ಹೋಗುವಾಗ ನಮ್ಮ ಅಂಗಳದಲ್ಲೇ ಗೇರು ಕಲಿತವನು.

“ಅಲ್ಲ ಟೀಚರ್, ನಡುರಸ್ತೇಲಿ ಹಿಂಗೆ ಬ್ರೇಕ್ ಹಾಕ್ತಾರಾ? ನೀವೇ ಹೇಳ್ಕೊಟ್ಟಿದ್ದಲ್ವಾ?”

“ಹೌದಪ್ಪ. ತಪ್ಪಾಯ್ತು.”

ಅಕ್ಕ ತಪ್ಪಾಯ್ತು ಎಂದಿದ್ದನ್ನು ನಾನು ಜೀವಮಾನದಲ್ಲಿ ಕೇಳಿದ್ದು ಅದೊಂದೇ ಸಲ.

ಅವನು ಭಾವನನ್ನು ನೋಡಿದ, ದನಿ ತಗ್ಗಿಸಿದ. “ಎಲ್ಲಿಗೆ ಹೊರಟಿದ್ರಿ ಇವರನ್ನ ಕರ್ಕೊಂಡು?”

“ಎಲ್ಲಿಗೂ ಇಲ್ಲ. ಸುಮ್ನೆ. ಓಡಿಸೋಕೆ.”

“ಸುಮ್ನೆ?” ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಸುಮ್ನೆ ಯಾರು ಟೀಚರ್ ಓಡಿಸ್ತಾರೆ ಈಗ? ನಾನು ಹತ್ತು ವರ್ಷದಲ್ಲಿ ಒಂದು ಸಲಾನೂ ಖುಷಿಗೆ ಗಾಡಿ ತೆಗೆದಿಲ್ಲ. ಕ್ಲಿನಿಕ್ಕು, ಮನೆ, ಮತ್ತೆ ಕ್ಲಿನಿಕ್ಕು. ದಿನಕ್ಕೆರಡು ಗಂಟೆ ಹಲ್ಲು ಕಚ್ಕೊಂಡು ಕೂತಿರ್ತೀನಿ. ನನ್ನ ಹಲ್ಲೇ ಸವೆದುಹೋಗಿದೆ, ನೋಡಿ ಬೇಕಾದ್ರೆ.”

“ಕೆರೆ ರಸ್ತೆ ನೆನಪಿದೆಯೇನಪ್ಪ ನಿಂಗೆ?”

“ನೆನಪಿಲ್ದೆ? ಕೈ ಸಡಿಲ ಬಿಡಿ ಅಂತಿದ್ರು ಸಾರು.” ಅವನು ತನ್ನ ಕೈ ನೋಡಿಕೊಂಡ. “ಈಗ ಬಿಟ್ರೆ ಹತ್ತು ಜನ ಸಾಯ್ತಾರೆ.”

ಅವನ ಹಿಂದೆ ಯಾರೋ ಕೆಟ್ಟದಾಗಿ ಬೈದರು. ಅವನು ಓಡಿದ. ನಾವು ಅಂಚಿನ ಸಾಲು ಹಿಡಿದು ಮುಂದಿನ ತಿರುವಿನಲ್ಲಿ ಇಳಿದೆವು. ದಾರಿಯುದ್ದಕ್ಕೂ ಭಾವ ಬ್ರೇಕು ಒತ್ತದಿದ್ದರೂ ಅದರ ಮೇಲಿಟ್ಟ ಕಾಲು ತೆಗೆಯಲಿಲ್ಲ, ಅಕ್ಕನೂ ತೆಗೆಯಿರಿ ಎನ್ನಲಿಲ್ಲ.

ಮುಂದಿನ ಭಾನುವಾರ ಕಾರು ಹೊರಡಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಭ್ಯಾಸದಂತೆ ಭಾವ ಬೆಳಿಗ್ಗೆಯೇ ಹೋಗಿ ಕಾರಿನ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳುವರು. ಮಧ್ಯಾಹ್ನದವರೆಗೆ ಕಾದು, ಇಳಿದು ಬರುವರು. ಒಂದೂ ಇಲ್ಲ, ಎರಡೂ ಇಲ್ಲ. ಅಕ್ಕ ಅಡುಗೆಮನೆಯ ಕಿಟಕಿಯಿಂದ ನೋಡುತ್ತ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವಳು.

ಮೂರನೆಯ ಭಾನುವಾರ ನಾನು ಹೋದಾಗ ಅಕ್ಕ ಅಂಗಳದಲ್ಲಿ ಕಾರಿನ ಹಿಂಭಾಗ ಜಾಕಿನಿಂದ ಎತ್ತುತ್ತಿದ್ದಳು. ಪಕ್ಕದಲ್ಲಿ ಆ ಹಳೆಯ ದಿಮ್ಮಿಗಳು, ಒಂದು ಮೂಲೆ ಗೆದ್ದಲು ತಿಂದಂಥವು.

“ಅಕ್ಕ, ಏನೇ ಇದು?”

“ಕಲ್ಲು ಕೊಡೋ ಮುಂದಿನ ಚಕ್ರಕ್ಕೆ. ಮಾತಾಡ್ಬೇಡ.”

ಕೊಟ್ಟೆ. ಭಾವನನ್ನು ಕೂರಿಸಿದೆವು. ನಾನು ನನ್ನ ಸೀಟಿಗೆ ಹತ್ತಿದೆ. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕನ್ನಡಿ ಸರಿಮಾಡಿ, ನಿಜವಾಗಿಯೂ ಹೊರಟವಳ ಹಾಗೆ ಎರಡೂ ಕಡೆ ನೋಡಿ ಚಾಲೂ ಮಾಡಿದಳು.

ಮೊದಲನೇ ಗೇರು. “ಒಂದು” ಎಂದರು ಭಾವ. ಮೂರು ವಾರದ ಮೇಲೆ ಕೇಳಿದ ದನಿ, ತುಕ್ಕು ಹಿಡಿದಿತ್ತು. ಎರಡನೆಯದು. “ಎರಡು.” ಮೂರಕ್ಕೆ ತುಟಿ ಕದಲಿತು, ಅಷ್ಟೇ. ಅಕ್ಕ ನಾಲ್ಕಕ್ಕೆ ಎಳೆದಳು. ಬಚ್ಚಲುಮನೆ ಅಲ್ಲೇ ಹತ್ತು ಹೆಜ್ಜೆಯಲ್ಲಿತ್ತು. ನಾನು ಮೂವತ್ತು ವರ್ಷ ಕೊಚ್ಚಿಕೊಂಡಿದ್ದು ಕೊನೆಗೂ ನಿಜವಾಯಿತು. ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರ್ರೆಂದವು. ಮುಳ್ಳು ಅರವತ್ತು ತೋರಿಸಿತು. ಅರವತ್ತರ ವೇಗದಲ್ಲಿ ನಾವು ಹಗ್ಗದ ಮೇಲೆ ಒಣಹಾಕಿದ ಬೆಡ್‌ಶೀಟಿನ ಪಕ್ಕದಲ್ಲೇ ಇದ್ದೆವು.

“ರೀ” ಎಂದಳು ಅಕ್ಕ, ಕಣ್ಣು ಮುಂದಿನ ಗೋಡೆಯ ಮೇಲಿಟ್ಟುಕೊಂಡೇ. “ಕೆರೆ ರಸ್ತೆ ಖಾಲಿ ಇದೆ. ನೋಡ್ರಿ, ಒಂದು ಸೈಕಲ್ಲೂ ಇಲ್ಲ. ನಾಲ್ಕು ಬಿತ್ತು. ಕೈ ಏನ್ ಮಾಡ್ಲಿ? ಹೇಳ್ರಿ, ಕೈ ಏನ್ ಮಾಡ್ಲಿ?”

ಭಾವ ಎಂಜಿನ್ನು ಆಲಿಸಿದರು. ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು. ಬೆಡ್‌ಶೀಟನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅದು ಹಿಂದಕ್ಕೆ ಓಡಲಿಲ್ಲ. ಅಕ್ಕನ ಕಡೆ ತಿರುಗಿ, ಒಂದೊಂದೇ ಅಕ್ಷರ ಜೋಡಿಸಿ ಹೇಳಿದರು:

“ಸುಳ್ಳು.”

ಅಕ್ಕ ಕೀಲಿ ತಿರುಗಿಸಿ ನಿಲ್ಲಿಸಿದಳು. ಚಕ್ರಗಳು ಇನ್ನೂ ಸ್ವಲ್ಪ ಹೊತ್ತು ಸುತ್ತಿ, ನಿಂತವು. ಅವಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಏನಾದರೂ ಹೇಳಬೇಕಲ್ಲ ಎಂದು ನಾನು ಹೇಳಿದೆ:

“ಹೋಗ್ಲಿ ಬಿಡೇ ಅಕ್ಕ. ಹೊಸ ಮಾತೊಂದಾದ್ರೂ ಬಂತಲ್ಲ.”

“ಹೊಸ ಮಾತಂತೆ!” ಅವಳು ತಲೆಯೆತ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಫೇಲ್ ಮಾಡಿದ್ರು ಕಣೋ ನನ್ನ. ನಿಂತ ಗಾಡೀಲಿ ಕೂತು ಹೋಗ್ತಿದೀವಿ ಅಂದ್ರೆ ಇನ್ನೇನ್ ಮಾಡ್ತಾರೆ? ಇಳಿ ಕೆಳಗೆ, ದಿಮ್ಮಿ ತೆಗಿ.”

“ತೆಗೆದು? ಓಡಿಸೋಕೆ ರಸ್ತೆ ಎಲ್ಲಿದೆಯೇ?”

“ಹುಡುಕಬೇಕು. ಫೇಲಾದೋರು ಮತ್ತೆ ಟೆಸ್ಟಿಗೆ ಹೋಗ್ಲೇಬೇಕು. ಮೂರು ಸಲ ಫೇಲಾದೋನು ನೀನು, ಅಷ್ಟೂ ಗೊತ್ತಿಲ್ವಾ?”