ಎಮ್ಮೆಗೆ ಸುರಿದ ಸಕ್ಕರೆ

ಆಗ ಸಕ್ಕರೆಗೆ ರೇಷನ್. ಹನೂರಿನ ನಮ್ಮ ಮನೆಯಲ್ಲಿದ್ದ ಒಂದೇ ಡಬ್ಬಿ ಸಕ್ಕರೆ ಹಸುಗೂಸಿನ ಪಾಲಿನದು. ಜ್ವರ ಬಂದು ಹೆಂಡತಿಯ ಎದೆಹಾಲು ಬತ್ತಿತ್ತು. ಪಕ್ಕದ ಮನೆಯವರು ಕೊಡುತ್ತಿದ್ದ ಚೂರು ಹಾಲಿಗೆ ನೀರು, ಸಕ್ಕರೆ ಬೆರೆಸಿ ಮಗುವಿನ ಜೀವ ಹಿಡಿದಿದ್ದೆವು. ನಮ್ಮ ಎಮ್ಮೆ ಯಾವಾಗ ಈಯುತ್ತದೋ ಎಂದು ಕಾಯುವುದೇ ಕೆಲಸವಾಗಿತ್ತು.

ಒಂದು ಬೆಳಿಗ್ಗೆ ಈಯಿತು. ಕರು ಬಿದ್ದ ಬೆನ್ನಿಗೇ ಗರ್ಭಕೋಶವೂ ಜಾರಿ ಹೊರಬಂದು ಕೆಂಪಗೆ ನೇತಾಡಿತು.

"ಉಷ್ಣ ಕಣ್ಲಾ, ತಣ್ಣೀರು ಉಯ್ಯಿ!" ಅಂದಳು ಅವ್ವ. ನಮ್ಮ ಕಡೆ ಎಲ್ಲ ರೋಗಕ್ಕೂ ಉಷ್ಣವೇ ಕಾರಣ, ತಣ್ಣೀರೇ ಮದ್ದು. ಬಿಂದಿಗೆಗಟ್ಟಲೆ ಸುರಿದೆವು. ಪಕ್ಕದ ಮನೆ ಯಜಮಾನರು ಬಂದು ಒಳಕ್ಕೆ ತಳ್ಳಿ ನೋಡಿದರು.

"ಮೊದ್ಲಿಗಿಂತ ಊದ್ಕಂಡದೆ ಮೇಷ್ಟ್ರೇ, ಒಳಕ್ಕೆ ಹೋಗಾಕಿಲ್ಲ. ಎಮ್ಮೆ ಉಳಿಯಾಕಿಲ್ಲ."

ನಾನು ಕೊಳ್ಳೇಗಾಲದಲ್ಲಿ ವಿಜ್ಞಾನದ ಮೇಷ್ಟ್ರು. ಕುರಿಯ ಮೂತ್ರಕೋಶಕ್ಕೆ ಸಕ್ಕರೆ ನೀರು ತುಂಬಿ, ಬರಿ ನೀರಿನಲ್ಲಿ ಇಳಿಬಿಟ್ಟು, ಅದು ಊದುವುದನ್ನು ಮಕ್ಕಳಿಗೆ ತೋರಿಸುತ್ತಿದ್ದವನು. ಪೊರೆ ನೀರನ್ನು ಬಿಡುತ್ತದೆ, ಸಕ್ಕರೆಯನ್ನು ಬಿಡುವುದಿಲ್ಲ. ತೆಳುವಾದ ಕಡೆಯಿಂದ ಗಟ್ಟಿಯಾದ ಕಡೆಗೆ ನೀರು ನುಗ್ಗುತ್ತದೆ. ಎರಡೂ ಕಡೆಯ ಆ ವ್ಯತ್ಯಾಸವೇ ಅದನ್ನು ನೂಕುವುದು. ಅಭಿಸರಣ. ಈಗ ಕಣ್ಣೆದುರಿಗೇ ನಡೆಯುತ್ತಿದ್ದದ್ದು ಅದೇ! ಒಳಗೆ ರಕ್ತದ ಉಪ್ಪು, ಹೊರಗೆ ನಾವು ಸುರಿದ ಸಪ್ಪೆ ನೀರು. ಇನ್ನು ಹೊರಗಡೆ ಗಟ್ಟಿಯಾಗಬೇಕು, ಆಗ ಒಳಗೆ ನುಗ್ಗಿದ ನೀರು ವಾಪಸು ಬರುತ್ತದೆ.

"ನೀರು ನಿಲ್ಸವ್ವ. ಸಕ್ಕರೆ ಬೇಕು."

"ಮಗೀನ ಸಕ್ರೆಯಾ? ಇರುವೆ ಮುತ್ಕತವೆ ಕಣ್ಲಾ! ತಲೆ ಕೆಟ್ಟದಾ ನಿಂಗೆ?"

ಪಾಠ ಸುಳ್ಳಾದರೆ ಎಮ್ಮೆಯೂ ಇಲ್ಲ, ಸಕ್ಕರೆಯೂ ಇಲ್ಲ. ಮಗು? ಹೆಂಡತಿ ಅದನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ನಿಜ್ವಾಗ್ಲೂ ಕುಗ್ತದಾ?" ಅಂದಳು.

"ಕುಗ್ಗಬೇಕು," ಅಂದೆ. ಕುಗ್ಗುತ್ತದೆ ಅನ್ನುವ ಧೈರ್ಯ ಬರಲಿಲ್ಲ.

ಅವಳು ಮಗುವನ್ನು ಅವ್ವನ ಕೈಗೆ ಕೊಟ್ಟು, ಡಬ್ಬಿ ತಂದು, ಊದಿದ ಗರ್ಭಕೋಶದ ಮೇಲೆ ತಾನೇ ಸುರಿದಳು.

ಕಾದೆವು. ಎಷ್ಟು ಹೊತ್ತೋ ಏನೂ ಆಗಲಿಲ್ಲ. ಆಮೇಲೆ ಸಕ್ಕರೆ ಒದ್ದೆಯಾಯಿತು, ನೀರು ಒಸರಿ ತೊಟ್ಟಿಕ್ಕಿತು, ಊತ ಇಳಿದು ಸುಕ್ಕುಗಟ್ಟಿತು. ಯಜಮಾನರು ಮೆಲ್ಲಗೆ ಒತ್ತುತ್ತಾ ಒಳಗೆ ಸೇರಿಸಿದರು. ಎಮ್ಮೆ ಮತ್ತೆ ತಿಣುಕಿತು. ಅಯ್ಯೋ, ಹೋಯಿತು ಅಂದುಕೊಂಡೆ. ಏನೂ ಹೊರಬರಲಿಲ್ಲ. ಎದ್ದು ನಿಂತು ಕರುವನ್ನು ನೆಕ್ಕಿತು.

ಅಷ್ಟರಲ್ಲಿ ಮಗು ಹಸಿದು ಕಿರುಚತೊಡಗಿತ್ತು. ಹೆಂಡತಿ ಬರಿದಾದ ಡಬ್ಬಿಗೆ ಬಿಸಿನೀರು ಹಾಕಿ ಅಲುಗಿಸಿದಳು. ಮೂಲೆಯಲ್ಲಿ ಅಂಟಿದ್ದ ಸಕ್ಕರೆ ಕರಗಿಸಿ, ಆರಿಸಿ, ಒಳಲೆಯಲ್ಲಿ ಕುಡಿಸಿದಳು.

"ಗಿಣ್ಣು ಕಳಿಯಗಂಟ ತಡ್ಕೋ ಕೂಸೇ," ಅಂದಳು. "ಆಮೇಲೆ ಹಾಲು."